85, 135, 300: ಮಲೆನಾಡಿನಲ್ಲಿ ಯಾವ ಟೆಲಿ ಪ್ರೈಮ್ ಕೊಳ್ಳಬೇಕು?

ಹೋದ ತಿಂಗಳು ಚಿಕ್ಕಪ್ಪನ ಮಗ ಸಾಗರದಿಂದ ಫೋನ್ ಮಾಡಿದ್ದ. "ಅಣ್ಣಾ, 85 ತಗೊಳ್ಲಾ, 135 ತಗೊಳ್ಲಾ? ದುಡ್ಡು ಒಂದಕ್ಕೇ ಇರೋದು" ಅಂದ. ನಾನು ತಿರುಗಿ ಕೇಳಿದೆ: "ಯಕ್ಷಗಾನದ ಆಟ ನೋಡೋಕೆ ಹೋದಾಗ ಎಲ್ಲಿ ಕೂರ್ತೀಯ?" ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೆನ್ಸ್ ಬಗ್ಗೆ ಕೇಳಿದರೆ ಇವನು ಕುರ್ಚಿ ವಿಷಯ ಮಾತಾಡ್ತಾನಲ್ಲ ಅನ್ನಿಸಿರಬೇಕು.

ಆದರೆ ಟೆಲಿ ಪ್ರೈಮ್ (ದೂರದ್ದನ್ನು ಹತ್ತಿರ ತರುವ, ಎಂಎಂ ಬದಲಿಸಲು ಬಾರದ ಲೆನ್ಸ್; 85, 135, 300 ಅಂದರೆ ಆ ಎಂಎಂ) ಆರಿಸುವಾಗ ಮೊದಲು ಗೊತ್ತಾಗಬೇಕಾದ್ದು ಅದೇ. ಜೂಮ್ ಲೆನ್ಸ್ ಆದರೆ ಕೂತಲ್ಲೇ ತಿರುಗಿಸಿಕೊಳ್ಳಬಹುದು. ಪ್ರೈಮ್‌ನಲ್ಲಿ ಹಿಂದೆ ಮುಂದೆ ಹೋಗಬೇಕಾದ್ದು ನೀವೇ. ನಮ್ಮ ಕಡೆ ಹಾಗೆ ಓಡಾಡಲು ಜಾಗ ಎಲ್ಲಿದೆ ಹೇಳಿ? ಆಟದಲ್ಲಿ ಮುಂದೆ ಚಾಪೆ ಹಾಸಿ ಮಕ್ಕಳು ಮಲಗಿರುತ್ತವೆ. ಮಂಡಗದ್ದೆ ಹಕ್ಕಿಧಾಮದಲ್ಲಿ ಎದುರಿಗೆ ತುಂಗೆ ಹರಿಯುತ್ತಾಳೆ. ಅಡಿಕೆ ತೋಟದಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಸಿಗಾಲುವೆಗೆ ಬೀಳುತ್ತೀರಿ. ನಾನು ಬಿದ್ದಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮದುವೆ, ಉಪನಯನದ ಫೋಟೊ ಹೊಟ್ಟೆಪಾಡು. ಮಳೆ ಹೋದ ಮೇಲೆ ಯಕ್ಷಗಾನ, ಮಳೆಗಾಲದಲ್ಲಿ ಹಕ್ಕಿ, ಇವೆರಡು ಚಟ. ಹಾಗಾಗಿ ಈ ಹೋಲಿಕೆಯೂ ಅದೇ ಮೂರು ಕೆಲಸಗಳ ಸುತ್ತ ಇದೆ.

ಮೊದಲು ಹೆಜ್ಜೆ ಎಣಿಸಿ

ಒಂದು ಸಣ್ಣ ಲೆಕ್ಕ ಇದೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಉದ್ದ 36 ಎಂಎಂ. ನೀವು ನಿಂತ ದೂರವನ್ನು ಮೀಟರಿನಲ್ಲಿ ಹಿಡಿದು 36ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಫ್ರೇಮಿನ ಉದ್ದ ಬದಿಯಲ್ಲಿ ಎಷ್ಟು ಮೀಟರ್ ಹಿಡಿಸುತ್ತದೆ ಅನ್ನುವುದು ಬರುತ್ತದೆ. 10 ಮೀಟರ್ ದೂರದಿಂದ 85 ಎಂಎಂ ಲೆನ್ಸಿನಲ್ಲಿ 4.2 ಮೀಟರ್ ಹಿಡಿಸುತ್ತದೆ. 135ರಲ್ಲಿ 2.7 ಮೀಟರ್, 300ರಲ್ಲಿ 1.2 ಮೀಟರ್. ಕ್ರಾಪ್ ಬಾಡಿ, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾ ಆದರೆ, ಬಂದ ಉತ್ತರವನ್ನು ಇನ್ನೊಮ್ಮೆ 1.5ರಿಂದ ಭಾಗಿಸಬೇಕು. ಕ್ಯಾನನ್ ಕ್ರಾಪ್ ಆದರೆ 1.6ರಿಂದ.

ಈಗ ಆಟಕ್ಕೆ ಬನ್ನಿ. ಕಿರೀಟ ಸೇರಿದರೆ ಒಂದು ವೇಷ ಎರಡು ಮೀಟರ್ ಸುಲಭವಾಗಿ ಮುಟ್ಟುತ್ತದೆ. ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು 2.4 ಮೀಟರ್ ಅಂತಿಟ್ಟುಕೊಳ್ಳೋಣ. ಕ್ಯಾಮೆರಾ ಉದ್ದಕ್ಕೆ ಹಿಡಿದು ಪೂರ್ತಿ ವೇಷ ತೆಗೆಯಬೇಕೆಂದರೆ 85ಕ್ಕೆ ಸುಮಾರು 5.7 ಮೀಟರ್ ದೂರ ಬೇಕು. 135ಕ್ಕೆ 9 ಮೀಟರ್, 200ಕ್ಕೆ 13 ಮೀಟರ್ ದಾಟುತ್ತದೆ. ಹೆಜ್ಜೆಯಲ್ಲಿ ಹೇಳುವುದಾದರೆ 85 ಅಂದರೆ ಏಳೆಂಟು ಹೆಜ್ಜೆ, 135 ಅಂದರೆ ಹನ್ನೆರಡು. ಏಳೆಂಟು ಹೆಜ್ಜೆ ಅಂದರೆ ರಂಗಸ್ಥಳದ ಬುಡ, ಮಕ್ಕಳ ಚಾಪೆ ಇರುವ ಜಾಗ. ಹನ್ನೆರಡು ಹೆಜ್ಜೆ ಅಂದರೆ ಮೂರನೆಯದೋ ನಾಲ್ಕನೆಯದೋ ಸಾಲಿನ ಕುರ್ಚಿ. ಅಲ್ಲಿ ಕೂತರೆ ಹಿಂದಿನವರ ಬೈಗುಳ ಇಲ್ಲ.

ಫೋನ್ ಮಾಡಿದ್ದ ಆ ತಮ್ಮನ ಬಾಡಿ ಕ್ರಾಪ್. ಅದಕ್ಕೆ 85 ಹಾಕಿದರೆ ಫುಲ್ ಫ್ರೇಮ್‌ನಲ್ಲಿ 135 ಹಾಕಿದ ಹತ್ತಿರ ಹತ್ತಿರ ಕಾಣುತ್ತದೆ. ನಾಲ್ಕನೇ ಸಾಲಿನಿಂದ ಪೂರ್ತಿ ವೇಷ ಬರುತ್ತದೆ. ಅದೇ ಬಾಡಿಗೆ 135 ಹಾಕಿದರೆ ಹದಿಮೂರೂವರೆ ಮೀಟರ್ ಹಿಂದೆ ಹೋಗಬೇಕು. ಅಲ್ಲಿ ಚುರುಮುರಿ ಗಾಡಿ ನಿಂತಿರುತ್ತದೆ. ಅವನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು: 85. ಬೇರೆ ಯಾವ ರಿವ್ಯೂ ನೋಡುವ ಅಗತ್ಯವೂ ಬರಲಿಲ್ಲ. ಆದರೂ ಅವನು ಇಪ್ಪತ್ತು ನೋಡಿದ, ಅದು ಬೇರೆ ಮಾತು.

ಅಂಗಡಿಗೆ ಹೋಗುವ ಮೊದಲು ನೀವೂ ಇದನ್ನೇ ಮಾಡಿ. ಮುಂದಿನ ಆಟಕ್ಕೆ, ಮದುವೆಗೆ ಹೋದಾಗ ಎಲ್ಲಿ ನಿಲ್ಲಲು ಬಿಡುತ್ತಾರೋ ಅಲ್ಲಿಂದ ಹೆಜ್ಜೆ ಎಣಿಸಿ. ಈಗಿರುವ ಜೂಮ್ ಲೆನ್ಸಿನಲ್ಲಿ ತೆಗೆದ ಹಳೇ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ಎಷ್ಟು ಎಂಎಂನಲ್ಲಿ ತೆಗೆದಿದ್ದೀರಿ ಅಂತ ನೋಡಿದರೂ ಆಯಿತು. ಒಂದೇ ಸಂಖ್ಯೆಯ ಆಸುಪಾಸು ಪದೇ ಪದೇ ಬಂದಿದ್ದರೆ ನಿಮ್ಮ ಲೆನ್ಸ್ ಅದೇ.

ಬೆಳಕು ಎಷ್ಟು ಉಳಿಯುತ್ತದೆ

ಪ್ರೈಮ್‌ಗೆ ಯಾಕೆ ಇಷ್ಟು ಒದ್ದಾಟ ಅಂದರೆ, ಅಪರ್ಚರ್, ಲೆನ್ಸಿನೊಳಗೆ ಬೆಳಕು ಬರುವ ಬಾಗಿಲು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಎಫ್ 2.8ರ ಮುಂದೆ ಎಫ್ 1.8 ಸುಮಾರು ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್ 5.6ರ ಮುಂದೆ ಎಫ್ 2.8 ನಾಲ್ಕು ಪಟ್ಟು.

ಹರಕೆ ಆಟದ ಬೆಳಕಿನಲ್ಲಿ, ಅಂದರೆ ಎರಡು ಹ್ಯಾಲೊಜನ್, ನಾಲ್ಕು ಟ್ಯೂಬ್‌ಲೈಟ್ ಇರುವಲ್ಲಿ, ಶಟರ್ 1/500 ಸೆಕೆಂಡಿಗೆ ಇಟ್ಟು ಎಫ್ 2.8ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು; ಏರಿದಷ್ಟೂ ಫೋಟೊದಲ್ಲಿ ಕಾಳು ಜಾಸ್ತಿ) 6400 ಬಂತು ಅಂತಿಟ್ಟುಕೊಳ್ಳಿ. ಅದೇ ಜಾಗದಲ್ಲಿ ಎಫ್ 1.8 ಇದ್ದರೆ 2600ಕ್ಕೆ ಇಳಿಯುತ್ತದೆ. ಎಫ್ 4 ಆದರೆ 12800, ಎಫ್ 5.6 ಆದರೆ 25600. ಕಡೆಯ ಸಂಖ್ಯೆಯಲ್ಲಿ ತೆಗೆದರೆ ಬಣ್ಣದ ವೇಷದ ಮುಖದ ಮೇಲಿನ ಬಿಳಿ ಚುಟ್ಟಿಯೂ (ಉಬ್ಬು ಚುಕ್ಕೆ) ನಾಯ್ಸ್‌ನ ಕಾಳೂ ಕಲಸಿಹೋಗಿ ಒಂದೇ ಆಗುತ್ತವೆ.

ಇನ್ನೊಂದು ಮಾತು. 1/500 ಬೇಕಾಗುವುದು ಕುಣಿತಕ್ಕೆ, ಗಿರಕಿ ಹೊಡೆಯುವ ಧೀಂಗಣಕ್ಕೆ. ಮಾತಿನ ಭಾಗ ಬಂದು, ಇಬ್ಬರು ವೇಷಧಾರಿಗಳು ನಿಂತು ಅರ್ಧ ಗಂಟೆ ವಾದಕ್ಕೆ ಇಳಿದರೆ 1/160 ಸಾಕು. ಅಲ್ಲಿ ಲೆನ್ಸಿನಲ್ಲೋ ಬಾಡಿಯಲ್ಲೋ ಇರುವ ಸ್ಟೆಬಿಲೈಸೇಶನ್ ಉಪಯೋಗಕ್ಕೆ ಬರುತ್ತದೆ. ಕುಣಿತಕ್ಕೆ ಅದರಿಂದ ಏನೂ ಆಗುವುದಿಲ್ಲ. ಅದು ನಿಮ್ಮ ಕೈ ನಡುಕ ತಡೆಯುತ್ತದೆಯೇ ಹೊರತು ಎದುರಿಗೆ ಹಾರುವವನನ್ನು ನಿಲ್ಲಿಸುವುದಿಲ್ಲ. "ಸ್ಟೆಬಿಲೈಸೇಶನ್ ಇದೆ, ಎಫ್ 4 ಸಾಕು ಸಾರ್" ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಈಗೀಗ ಆಟಕ್ಕೆ ಅಗ್ಗದ ಎಲ್‌ಇಡಿ ದೀಪ ಬಂದಿವೆ. ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಅದರ ಎರಡು ಪಟ್ಟು. ಶಟರ್ ಜೋರಾಗಿಟ್ಟರೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ, ಫೋಟೊ ಮೇಲೆ ಅಡ್ಡಡ್ಡ ಪಟ್ಟಿ ಬೀಳುತ್ತದೆ. ಇದು ಲೆನ್ಸಿನ ದೋಷ ಅಲ್ಲ. ಲೆನ್ಸ್ ವಾಪಸ್ ಕೊಡಲು ಹೊರಟ ಒಬ್ಬ ಗೆಳೆಯನನ್ನು ನಾನೇ ತಡೆದಿದ್ದೇನೆ. ಮೆಕ್ಯಾನಿಕಲ್ ಶಟರ್ ಹಾಕಿ, ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ.

85 ಮತ್ತು 135: ನಿಜವಾದ ಜಗಳ ಇಲ್ಲಿ

85ರಲ್ಲಿ ಎಫ್ 1.8 ಬಹಳ ಕಂಪನಿಯವರ ಹತ್ತಿರ ಇದೆ, ಹಗುರ ಇದೆ, ಆ ಸಾಲಿನಲ್ಲಿ ಅಗ್ಗವೂ ಅದೇ. ಕ್ಯಾನನ್‌ನ ಹಳೇ ಇಎಫ್ 85 ಎಫ್ 1.8 ಬಂದಿದ್ದು 1992ರಲ್ಲಿ. 425 ಗ್ರಾಂ. ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಬದಲಾಗುತ್ತಾ ಇದೆ. ನಿಕಾನ್ 85 ಎಫ್ 1.8ಜಿ 350 ಗ್ರಾಂ, ಸೋನಿ ಎಫ್‌ಇ 85 ಎಫ್ 1.8 371 ಗ್ರಾಂ. ನಿಕಾನ್‌ನ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳ ಝಡ್ ಸಾಲಿನದು 470 ಗ್ರಾಂ. ಕ್ಯಾನನ್‌ನ ಮಿರರ್‌ಲೆಸ್ ಸಾಲು ಆರ್‌ಎಫ್‌ನಲ್ಲಿ ಎಫ್ 2 ಮ್ಯಾಕ್ರೊ ಇದೆ, 500 ಗ್ರಾಂ. ಅದು 35 ಸೆಂಟಿಮೀಟರ್ ಹತ್ತಿರ ಹೋಗುತ್ತದೆ, ವಸ್ತುವಿನ ಅರ್ಧ ಗಾತ್ರದಷ್ಟು ಹಿಡಿಯುತ್ತದೆ. ಮದುವೆಯವರಿಗೆ ಇದು ತುಂಬಾ ಅನುಕೂಲ. ತಾಳಿ, ಉಂಗುರ, ಮದರಂಗಿ ಎಲ್ಲಾ ಒಂದೇ ಲೆನ್ಸಿನಲ್ಲಿ ಮುಗಿಯುತ್ತದೆ. ಉಳಿದ 85ಗಳು 80 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಫೋಕಸ್ ಮಾಡುವುದಿಲ್ಲ.

135ರ ಕಡೆ ಬಂದರೆ ತೂಕ ಏರುತ್ತದೆ. ಕ್ಯಾನನ್ ಇಎಫ್ 135 ಎಫ್ 2ಎಲ್ 1996ರದ್ದು, 750 ಗ್ರಾಂ. ಸ್ಯಾಮ್‌ಯಾಂಗ್‌ನವರ ಆಟೊಫೋಕಸ್ 135 ಎಫ್ 1.8 ಸೋನಿ ಮೌಂಟಿಗೆ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ಇದೆ, 772 ಗ್ರಾಂ. ಕ್ಯಾನನ್ ಆರ್‌ಎಫ್ 935, ಸೋನಿ ಜಿ ಮಾಸ್ಟರ್ 950, ನಿಕಾನ್ ಪ್ಲೇನಾ 995. ಸಿಗ್ಮಾ ಆರ್ಟ್ ಒಂದು ಕಿಲೊ ದಾಟುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಇದೇನು ಭಾರ ಅನ್ನಿಸುವುದಿಲ್ಲ. ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗಿನ ಜಾವ ನಾಲ್ಕಕ್ಕೆ ಬಂದಾಗ, ಚಂಡೆ ಜೋರಾಗಿ ಎಲ್ಲರೂ ಎದ್ದು ಕೂತಾಗ, ನಿಮ್ಮ ಮುಂಗೈ ಮಾತ್ರ ಏಳುವುದಿಲ್ಲ.

135 ಕೊಳ್ಳುವವರೆಲ್ಲ ಹೇಳುವ ಕಾರಣ ಒಂದೇ: ಹಿನ್ನೆಲೆ ಕರಗಬೇಕು. ಇದು ಅರ್ಧ ಸತ್ಯ. ನಮ್ಮ ರಂಗಸ್ಥಳದ ಹಿಂದೆ ಏನಿರುತ್ತದೆ? ಪ್ರಾಯೋಜಕರ ಬ್ಯಾನರ್. ಚಿನ್ನದಂಗಡಿ, ಗೊಬ್ಬರದಂಗಡಿ, ಊರಿನ ಮುಖಂಡರ ಕೈ ಮುಗಿದ ಫೋಟೊ. ವೇಷದಿಂದ ಮೂರು ಮೀಟರ್ ಹಿಂದೆ ಇರುತ್ತದೆ ಅಂತಿಟ್ಟುಕೊಳ್ಳಿ. ನೀವು ಪೂರ್ತಿ ವೇಷ ತೆಗೆಯುತ್ತಿದ್ದರೆ 85ರ ಎಫ್ 1.8ರಲ್ಲೂ 135ರ ಎಫ್ 1.8ರಲ್ಲೂ ಆ ಬ್ಯಾನರ್ ಮಸುಕಾಗುವುದು ಹೆಚ್ಚು ಕಡಿಮೆ ಒಂದೇ. ಲೆಕ್ಕ ಹಾಕಿದರೆ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ವ್ಯತ್ಯಾಸ ಬರಬಹುದು. ಅಡಿ ಎತ್ತರದ ಅಕ್ಷರ ಎರಡರಲ್ಲೂ ಓದಲು ಬರುತ್ತದೆ. ದೂರದಿಂದ ತೆಗೆಯುವುದರಿಂದ 135ರಲ್ಲಿ ಬ್ಯಾನರಿನ ಸ್ವಲ್ಪ ಕಡಿಮೆ ಭಾಗ ಬೀಳುತ್ತದೆ, ಅಷ್ಟೇ ಲಾಭ. ಗೊಬ್ಬರದಂಗಡಿ ಹೊರಗೆ ಹೋಗಿ ಮುಖಂಡರು ಮಾತ್ರ ಉಳಿಯಬಹುದು.

135 ತನ್ನ ದುಡ್ಡು ದುಡಿಯುವುದು ಹಿನ್ನೆಲೆ ದೂರ ಇದ್ದಾಗ. ಕುಂದಾದ್ರಿ ಮೇಲೆ ಬೆಳಿಗ್ಗೆ ಮದುಮಕ್ಕಳನ್ನು ನಿಲ್ಲಿಸಿ, ಹಿಂದೆ ಮಂಜು ತುಂಬಿದ ಕಣಿವೆ ಇಟ್ಟುಕೊಂಡು ಸೊಂಟದ ಮೇಲಿನ ಫೋಟೊ ತೆಗೆಯಿರಿ. ಆಗ 135ರ ಮಸುಕು 85ರದ್ದಕ್ಕಿಂತ 1.6 ಪಟ್ಟು ದೊಡ್ಡದು. 135ನ್ನು 1.8ರಿಂದ ಭಾಗಿಸಿದರೆ 75 ಎಂಎಂ ಅಗಲದ ಕಂಡಿ, 85ನ್ನು ಭಾಗಿಸಿದರೆ 47. ದೂರದ ಹಿನ್ನೆಲೆಗೆ ಆ ಕಂಡಿಯ ಅಗಲವೇ ಲೆಕ್ಕ. ಅಡಿಕೆ ತೋಟದೊಳಗೆ ಸಾಲು ಹಿಡಿದು ನೋಡಿದರೂ ಹಾಗೇ. ಮರದ ಕಾಂಡಗಳೆಲ್ಲ ಬೂದು ಬಣ್ಣದ ಉದ್ದ ಗೆರೆ ಆಗಿ, ಸೋಗೆ ಸಂದಿಯ ಬೆಳಕು ದುಂಡು ದುಂಡಾಗಿ ಇಳಿಯುತ್ತದೆ. ಫ್ರೇಮಿನ ಅಂಚಿನಲ್ಲಿ ಆ ದುಂಡು ಬೆಕ್ಕಿನ ಕಣ್ಣಿನ ಹಾಗೆ ಚಪ್ಪಟೆ ಆಗುತ್ತದೆ. ಬಹಳ ಲೆನ್ಸುಗಳಲ್ಲಿ ಇದು ಇದೆ. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಕಿರಿಕಿರಿ. ನನಗೆ ತೋಟದಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು ಫೋಕಸ್ ಎಷ್ಟು ಆಳ ಸಿಗುತ್ತದೆ ಅನ್ನುವ ಭಯ. 135ರಲ್ಲಿ ಎಫ್ 1.8 ಇಟ್ಟು ಮೂರು ಮೀಟರ್ ದೂರದಿಂದ ಮುಖ ತೆಗೆದರೆ ಸರಿಯಾಗಿ ಕಾಣುವ ಆಳ ಸುಮಾರು 5 ಸೆಂಟಿಮೀಟರ್. ಕಣ್ಣು ಚೂಪಾಗಿರುತ್ತದೆ, ಕಿವಿಯ ಓಲೆ ಇರುವುದಿಲ್ಲ. ಆದರೆ ಒಂಬತ್ತು ಮೀಟರಿನಿಂದ ಪೂರ್ತಿ ವೇಷ ತೆಗೆದರೆ ಅದೇ ಎಫ್ 1.8ರಲ್ಲಿ ಹತ್ತಿರ ಹತ್ತಿರ ಅರ್ಧ ಮೀಟರ್ ಆಳ ಇರುತ್ತದೆ. ಮುಂಡಾಸಿನಿಂದ ಗೆಜ್ಜೆವರೆಗೆ ಎಲ್ಲಾ ಸಿಗುತ್ತದೆ. ಹಾಗಾಗಿ ಆಟದಲ್ಲಿ ಸುಮ್ನೆ ಹೆದರಿ ಎಫ್ 2.8ಕ್ಕೆ ಮುಚ್ಚಬೇಡಿ. ದುಡ್ಡು ಕೊಟ್ಟು ತಂದ ಬೆಳಕನ್ನು ಬಾಗಿಲು ಹಾಕಿ ಹೊರಗಿಟ್ಟ ಹಾಗೆ.

ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ ಮಾತ್ರ 85ಕ್ಕೆ ಸಾಟಿ ಇಲ್ಲ. ಕಲಾವಿದರು ನೆಲದ ಮೇಲೆ ಸಾಲಾಗಿ ಕೂತು, ಕೈಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ತಲೆ ಮೇಲೆ ಒಂದು ಬಲ್ಬು. ನೀವು ನಿಲ್ಲುವ ಜಾಗ ಎರಡು ಮೀಟರ್ ಇದ್ದರೆ ಪುಣ್ಯ. 85ಕ್ಕೆ ಎರಡು ಮೀಟರಿನಿಂದ ಸೊಂಟದ ಮೇಲಿನ ಚಿತ್ರ ಬರುತ್ತದೆ. 135ಕ್ಕೆ ಮೂರು ಮೀಟರಿಗೂ ಹೆಚ್ಚು ಬೇಕು. ಅಷ್ಟು ಹಿಂದೆ ಸರಿದರೆ ಕಿರೀಟದ ಪೆಟ್ಟಿಗೆ ಮೇಲೆ ಕೂರುತ್ತೀರಿ. ಮದುವೆ ಮಂಟಪದ ಕಥೆಯೂ ಇದೇ. ಧಾರೆ ಹೊತ್ತಿಗೆ ನೆಂಟರೆಲ್ಲ ಮುಂದೆ ನುಗ್ಗುತ್ತಾರೆ. ದೂರದಲ್ಲಿ 135 ಹಿಡಿದು ನಿಂತವನಿಗೆ ಸಿಗುವುದು ಅವರ ಬೆನ್ನು.

ನನ್ನ ತೀರ್ಮಾನ: ಒಂದೇ ಲೆನ್ಸ್ ಆದರೆ 85. ಈಗಾಗಲೇ 85 ಇದ್ದು, ಹೊರಾಂಗಣದ ಮದುಮಕ್ಕಳ ಶೂಟ್ ಜಾಸ್ತಿ ಬರುತ್ತಿದ್ದರೆ ಅಥವಾ ಆಟದ ಹುಚ್ಚು ಬಿಡದಿದ್ದರೆ 135. ಮೊದಲ ಲೆನ್ಸಾಗಿ 135 ಕೊಂಡವರು ಬಹಳ ಜನ ವರ್ಷದೊಳಗೆ 85 ಹುಡುಕುವುದನ್ನು ನೋಡಿದ್ದೇನೆ.

ಹಳೇ 85ಗಳ ಒಂದು ದೋಷ ಹೇಳಬೇಕು. ಇಎಫ್ 85 ಎಫ್ 1.8ರಲ್ಲಿ ಪೂರ್ತಿ ತೆರೆದಾಗ ಹೊಳೆಯುವ ಅಂಚಿಗೆ ನೇರಳೆ ಬಣ್ಣದ ಗೆರೆ ಬರುತ್ತದೆ. ಬಿಸಿಲಲ್ಲಿ ಬಿಳಿ ಪಂಚೆ, ಬೆಳ್ಳಿ ತಟ್ಟೆ, ಕಿರೀಟದ ಕನ್ನಡಿ ಚೂರು ಇವುಗಳಲ್ಲಿ ಎದ್ದು ಕಾಣುತ್ತದೆ. ಎಫ್ 2.8ಕ್ಕೆ ಹೋದರೆ ಬಹುಪಾಲು ಹೋಗುತ್ತದೆ. ಹೊಸ ಮಿರರ್‌ಲೆಸ್ ಲೆನ್ಸುಗಳಲ್ಲಿ ಇದು ಕಡಿಮೆ.

ಸ್ಯಾಮ್‌ಯಾಂಗ್‌ನವರದೇ ಕೈಯಲ್ಲಿ ಫೋಕಸ್ ಮಾಡುವ 135 ಎಫ್ 2 ಒಂದಿದೆ, 830 ಗ್ರಾಂ. ಗಾಜು ಬಹಳ ಚೆನ್ನಾಗಿದೆ, ರಾತ್ರಿ ಆಕಾಶ ತೆಗೆಯುವವರು ಬಿಡುವುದೇ ಇಲ್ಲ. ಕೊಡಚಾದ್ರಿಯಲ್ಲಿ ನಕ್ಷತ್ರಕ್ಕೆ ಸರಿ. ಧೀಂಗಣಕ್ಕೆ ಬೇಡ.

200 ಮತ್ತು 70-200

ಕ್ಯಾನನ್ ಇಎಫ್ 200 ಎಫ್ 2.8ಎಲ್ 765 ಗ್ರಾಂ. ಕಪ್ಪು ಬಣ್ಣ, ಯಾರ ಕಣ್ಣಿಗೂ ಬೀಳುವುದಿಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆಗೆ ಸಿಕ್ಕರೆ ಬಿಡಬೇಡಿ. ರಂಗಮಂದಿರದ ಹಿಂದಿನ ಸಾಲಿನಿಂದ ನಾಟಕ ತೆಗೆಯುವವರಿಗೆ ಸರಿಯಾದ ಲೆನ್ಸ್. ಅದಕ್ಕಿಂತ ಹೆಚ್ಚಿಗೆ ಹೇಳಲು ಇಲ್ಲ, ಯಾಕೆಂದರೆ 200 ಎಫ್ 2.8 ಅಂದಕೂಡಲೇ 70-200 ಎಫ್ 2.8 ಜೂಮ್ ಎದುರಿಗೆ ಬಂದು ನಿಲ್ಲುತ್ತದೆ.

ಪ್ರಾಮಾಣಿಕವಾಗಿ ಹೇಳಬೇಕಲ್ಲ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆ ಸ್ನಾನ ತೆಗೆಯಲು ನಾನು ಪ್ರೈಮ್ ಒಯ್ಯುವುದಿಲ್ಲ. ಒಂದು ಆನೆ ದೂರದಲ್ಲಿ ನೀರಲ್ಲಿ ಮಲಗಿರುತ್ತದೆ, ಮರಿ ನಿಮ್ಮ ಪಕ್ಕದಲ್ಲೇ ಓಡುತ್ತದೆ, ಮಾವುತ ಸೊಂಡಿಲು ಹಿಡಿದು ಉಜ್ಜುತ್ತಿರುತ್ತಾನೆ. ಬಿಸಿಲು ಧಾರಾಳ ಇರುತ್ತದೆ, ಎಫ್ 1.8 ಅಲ್ಲಿ ದಂಡ. ಜೂಮ್ ಸಾಕು. ಹಗಲು ಕೆಲಸವೇ ಜಾಸ್ತಿ ಇರುವವರಿಗೆ ಟೆಲಿ ಪ್ರೈಮ್ ಬೇಕಾಗುವುದೇ ಇಲ್ಲ ಅಂತಲೂ ಹೇಳುತ್ತೇನೆ.

ಹಕ್ಕಿಗೆ ಬಂದರೆ ಲೆಕ್ಕ ಬೇರೆ

ಮಂಡಗದ್ದೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೊಮೀಟರ್. ಮಳೆ ಶುರುವಾದ ಮೇಲೆ ನದಿ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಅಲ್ಲಿಗೆ ಹೊಸದಾಗಿ ಬಂದವರು 300 ಎಂಎಂ ಹಾಕಿ ನೋಡಿ ಪೆಚ್ಚಾಗುವುದು ಮಾಮೂಲು. ಬೆಳ್ಳಕ್ಕಿ ನಿಂತರೆ 65 ಸೆಂಟಿಮೀಟರ್ ಅನ್ನಿ, ದೂರ 60 ಮೀಟರ್ ಅನ್ನಿ. 300 ಎಂಎಂನಲ್ಲಿ ಸೆನ್ಸರ್ ಮೇಲೆ ಅದರ ಎತ್ತರ ಮೂರು ಎಂಎಂ ಚಿಲ್ಲರೆ ಬೀಳುತ್ತದೆ, 24 ಎಂಎಂ ಎತ್ತರದ ಸೆನ್ಸರ್‌ನಲ್ಲಿ. ಅಂದರೆ ಏಳನೇ ಒಂದು ಭಾಗ. ಗೂಡುಗಳಿಂದ ತುಂಬಿದ ಮರ ತೆಗೆಯಲು 300 ಚೆಂದ. ಒಂದೇ ಹಕ್ಕಿ ಬೇಕು ಅಂದರೆ 500, 600 ಬೇಕು.

ಇಲ್ಲಿ ಎಫ್ ಸಂಖ್ಯೆಯ ಆಸೆ ಸ್ವಲ್ಪ ಬಿಡಬೇಕಾಗುತ್ತದೆ. 400 ಎಫ್ 2.8 ಅಂದರೆ 143 ಎಂಎಂ ಅಗಲದ ಗಾಜು, ಹೊಸ ಮಿರರ್‌ಲೆಸ್ ಮಾದರಿಗಳೂ ಮೂರು ಕಿಲೊ ಹತ್ತಿರ, ಬೆಲೆ ಹತ್ತು ಲಕ್ಷ ದಾಟುತ್ತದೆ. ಅದರ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ. ನಮ್ಮಂಥವರಿಗೆ ಎಫ್ 4 ಅಂದರೇ ಫಾಸ್ಟ್.

ಕ್ಯಾನನ್‌ನಲ್ಲಿ ಹಳೇ ಲೆನ್ಸ್ ಎರಡು. ಇಎಫ್ 300 ಎಫ್ 4ಎಲ್, 1190 ಗ್ರಾಂ, ಸ್ಟೆಬಿಲೈಸೇಶನ್ ಇದೆ, ಒಂದೂವರೆ ಮೀಟರ್ ಹತ್ತಿರಕ್ಕೆ ಹೋಗುತ್ತದೆ. ಇಎಫ್ 400 ಎಫ್ 5.6ಎಲ್, 1250 ಗ್ರಾಂ, ಸ್ಟೆಬಿಲೈಸೇಶನ್ ಇಲ್ಲ, ಮೂರೂವರೆ ಮೀಟರಿಗಿಂತ ಹತ್ತಿರ ಆಗುವುದಿಲ್ಲ. ಹಾರುವ ಹಕ್ಕಿ ಒಂದೇ ನಿಮ್ಮ ಗುರಿಯಾದರೆ 400. ಭದ್ರಾ ಹಿನ್ನೀರಿನಲ್ಲಿ ರೀವ ಹಕ್ಕಿಗಳು ಬೇಸಿಗೆಯಲ್ಲಿ ಮೀನು ಕಚ್ಚಿಕೊಂಡು ಬರುವಾಗ ಅದು ಚೆನ್ನಾಗಿ ಹಿಡಿಯುತ್ತದೆ. ಬಿಸಿಲಲ್ಲಿ 1/2000 ಇಟ್ಟ ಮೇಲೆ ಸ್ಟೆಬಿಲೈಸೇಶನ್ ಯಾರಿಗೆ ಬೇಕು? ಆದರೆ ನನ್ನ ಮತ 300ಕ್ಕೆ. ಹಕ್ಕಿ ಸಿಗದ ದಿನ ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಎಲೆ ಮೇಲೆ ಕೂತ ಕಪ್ಪೆ ಏನನ್ನಾದರೂ ಒಂದೂವರೆ ಮೀಟರಿನಿಂದ ತೆಗೆಯಬಹುದು. ಮಂಡಿಯೂರಿ ಹತ್ತಿರ ಹೋಗುವ ಕೆಲಸ ಇಲ್ಲ. ಉಂಬಳ (ಜಿಗಣೆ) ಹತ್ತಿಸಿಕೊಂಡವರಿಗೆ ಆ ಒಂದೂವರೆ ಮೀಟರಿನ ಬೆಲೆ ಗೊತ್ತು. ಲೆನ್ಸಿನ ಹಿಂದೆ ಸೇರಿಸುವ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ 420 ಎಂಎಂ ಎಫ್ 5.6 ಆಗುತ್ತದೆ, ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು ಹೋಗುತ್ತದೆ. ಹಳೇ ಡಿಎಸ್‌ಎಲ್‌ಆರ್‌ಗಳಲ್ಲೂ ಎಫ್ 5.6ರವರೆಗೆ ಆಟೊಫೋಕಸ್ ನಡೆಯುತ್ತದೆ. ಅದೇ ಕನ್ವರ್ಟರ್ 400 ಎಫ್ 5.6ಕ್ಕೆ ಹಾಕಿದರೆ ಎಫ್ 8 ಆಗಿ, ಬಹಳ ಹಳೇ ಬಾಡಿಗಳು ಫೋಕಸ್ ಮಾಡುವುದನ್ನೇ ನಿಲ್ಲಿಸುತ್ತವೆ.

ನಿಕಾನ್‌ನವರು ಇಲ್ಲಿ ಅದೃಷ್ಟವಂತರು. 2015ರಲ್ಲಿ ಬಂದ 300 ಎಫ್ 4 ಪಿಎಫ್ (ತೂಕ ಇಳಿಸುವ ಫೇಸ್ ಫ್ರೆನೆಲ್ ಗಾಜು ಇರುವ ಲೆನ್ಸ್) ಬರೀ 755 ಗ್ರಾಂ. ಕ್ಯಾನನ್ 300ರ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಭುಜಕ್ಕೆ ಹಾಕಿಕೊಂಡು ಕವಲೇದುರ್ಗ ಹತ್ತಿದರೂ ಗೊತ್ತಾಗುವುದಿಲ್ಲ. 2018ರ 500 ಎಫ್ 5.6 ಪಿಎಫ್ 1460 ಗ್ರಾಂ. ಝಡ್ ಮೌಂಟಿನಲ್ಲಿ 400 ಎಫ್ 4.5, 600 ಎಫ್ 6.3 ಎರಡೂ ಕೈಯಲ್ಲೇ ಹಿಡಿಯುವಂಥವು. ಪಿಎಫ್ ಲೆನ್ಸಿನ ಒಂದು ಗುಣ ಮಾತ್ರ ತಿಳಿದಿರಲಿ: ಫ್ರೇಮಿನಲ್ಲಿ ಜೋರು ಬೆಳಕು ಬಿದ್ದರೆ ಅದರ ಸುತ್ತ ಬಣ್ಣದ ಬಳೆಯಂಥ ಹೊಳಪು ಬರಬಹುದು. ಆಗುಂಬೆ ಸೂರ್ಯಾಸ್ತಕ್ಕೆ ಅದನ್ನು ತಿರುಗಿಸುವಾಗ ನೆನಪಿರಲಿ.

ಸೋನಿ ಕಂಪನಿಯದೇ ಆದ ಮಧ್ಯಮ ದರ್ಜೆಯ ಉದ್ದ ಪ್ರೈಮ್ ಇಲ್ಲ. ಅವರ 300 ಎಫ್ 2.8 1470 ಗ್ರಾಂ, ತೂಕದಲ್ಲಿ ಅದ್ಭುತ, ದುಡ್ಡಿನಲ್ಲಿ ತೋಟ ಅಡ ಇಡಬೇಕು. ಹಾಗಾಗಿ 200-600 ಜೂಮ್ ತೆಗೆದುಕೊಳ್ಳಿ, ಬೇಜಾರಾಗಬೇಡಿ. ಮಂಡಗದ್ದೆ, ಗುಡವಿ ಎರಡೂ ಹಕ್ಕಿಧಾಮಕ್ಕೆ ಅದು ಸರಿ. ಬಯಲಿನ ಬೆಳಕಿನಲ್ಲಿ ಎಫ್ 6.3 ತೊಂದರೆ ಮಾಡುವುದಿಲ್ಲ.

ಎಫ್ 6.3 ಕೈಕೊಡುವುದು ಆಗುಂಬೆಯಂಥ ಕಾಡಿನೊಳಗೆ. ಅಲ್ಲಿ ಎಂಎಂ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಮಳೆ; ವರ್ಷಕ್ಕೆ ಏಳು ಸಾವಿರ ಎಂಎಂ ಮೇಲೆ ಸುರಿಯುವ ಊರು. ಮೋಡ ಕವಿದು, ಮೇಲೆ ಎಲೆಯ ಚಪ್ಪರ ಇದ್ದಾಗ ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ. 1/250ಕ್ಕೆ ಎಫ್ 4ರಲ್ಲಿ ಐಎಸ್‌ಒ 4500 ಬಂದರೆ ಎಫ್ 6.3ರಲ್ಲಿ 11000 ದಾಟುತ್ತದೆ. ರಾಜಹಕ್ಕಿಯ ಬಿಳಿ ಬಾಲ ಅಲ್ಲಾಡುತ್ತಿದ್ದರೆ 1/250 ಕೂಡ ಸಾಲದು. ಕಾಡಿನ ಹಕ್ಕಿ ಬಯಲಿನ ಹಕ್ಕಿಗಿಂತ ಹತ್ತಿರ ಸಿಗುತ್ತದೆ ಅನ್ನುವುದೊಂದು ಸಮಾಧಾನ. ಅದಕ್ಕೇ ಕಾಡಿಗೆ 300 ಎಫ್ 4, ಹೊಳೆಗೆ 600 ಅಂತ ನಾನು ಹೇಳುವುದು.

ಮೌಂಟ್, ಸೆಕೆಂಡ್ ಹ್ಯಾಂಡ್

ಹಳೇ ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಆರ್ ಬಾಡಿಗಳಲ್ಲಿ ಚೆನ್ನಾಗಿ ನಡೆಯುತ್ತವೆ. ನಿಕಾನ್‌ನಲ್ಲಿ ಒಂದು ಗುಂಡಿ ಇದೆ. 85 ಎಫ್ 1.8ಡಿ, 85 ಎಫ್ 1.8ಜಿ ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ. ಡಿ ಲೆನ್ಸಿನೊಳಗೆ ಮೋಟರ್ ಇಲ್ಲ, ಬಾಡಿಯ ಮೋಟರ್ ತಿರುಗಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟರ್ ಇಲ್ಲ. ಹಳೇ ಲೆನ್ಸನ್ನು ಝಡ್ ಬಾಡಿಗೆ ಹಾಕುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಡಿ ತಂದು, ಮದುವೆ ಮನೆಯಲ್ಲಿ ಕೈಯಲ್ಲಿ ಫೋಕಸ್ ತಿರುಗಿಸುತ್ತಾ ಕೂತವರಿದ್ದಾರೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಲೆನ್ಸಿನ ಎರಡೂ ಮುಚ್ಚಳ ತೆಗೆದು ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಡಿ. ಧೂಳಿನ ಚುಕ್ಕೆ ನಾಲ್ಕೈದು ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂಥ ಸಣ್ಣ ಎಳೆ ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಮೊದಲ 135 ಕೊಂಡ ವರ್ಷ, ಆಷಾಢದಲ್ಲಿ ಕೆಲಸ ಇಲ್ಲ ಅಂತ ಅದನ್ನು ಅದರ ಚೀಲದಲ್ಲೇ ಸುತ್ತಿ ಬೀರುವಿನಲ್ಲಿಟ್ಟೆ. ಚೌತಿಗೆ ತೆಗೆದರೆ ಮುಂದಿನ ಗಾಜಿನ ಒಳಬದಿಯಲ್ಲಿ ಕೂದಲಿನಂಥ ನಾಲ್ಕು ಎಳೆ. ಅಮ್ಮ ಹಪ್ಪಳವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು. ಅವು ಗರಿಗರಿಯಾಗಿದ್ದವು. ಲೆನ್ಸ್ ಒಯ್ದು ತೆರೆಸಿ ಒರೆಸಿಕೊಂಡು ಬಂದೆ, ಆದರೂ ಎದುರು ಬೆಳಕಿಗೆ ಹಿಡಿದರೆ ಇವತ್ತಿಗೂ ಫೋಟೊ ಮಂಕು.

ಈಗ ಹಪ್ಪಳದ ದಾರಿಯನ್ನೇ ಹಿಡಿದಿದ್ದೇನೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ನೂರಕ್ಕೆ 40ರಿಂದ 50 ತೋರಿಸುತ್ತಿದ್ದರೆ ಸರಿ. ನೀಲಿ ಜೆಲ್ ಗುಲಾಬಿ ಆದರೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತದೆ. ಅದಕ್ಕೆ ಬೇರೆಯೇ ಕಾವಲಿ ಇಟ್ಟುಕೊಳ್ಳಿ, ದೋಸೆದು ಮುಟ್ಟಬೇಡಿ. ಅಕ್ಕಿ ಹಾಕಿ ಇಡಬೇಡಿ, ಅದರ ಹುಡಿ ರಿಂಗಿನ ಸಂದಿಗೆ ಹೋಗುತ್ತದೆ. ದುಡ್ಡಿದ್ದರೆ ಕರೆಂಟಿನ ಡ್ರೈ ಕ್ಯಾಬಿನೆಟ್ ಬರುತ್ತದೆ, ಆದರೆ ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ನಿಮಗೂ ಗೊತ್ತು.

ಹೊರಗೆ ಮಳೆಗೆ ರೇನ್‌ಕವರ್ ಬೇಕು ಅಂತಿಲ್ಲ. ಕೊಳೆ ರೋಗ ಬರದ ಹಾಗೆ ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ 135ಕ್ಕೂ 300ಕ್ಕೂ ಅಳತೆ ತೆಗೆದ ಹಾಗೆ ಕೂರುತ್ತದೆ. ತುದಿ ಕತ್ತರಿಸಿ ಹುಡ್‌ಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಹಳೇ ಇಎಫ್ 85, 135, 300 ಎಫ್ 4, 400 ಯಾವುದಕ್ಕೂ ನೀರು ತಡೆಯುವ ಸೀಲ್ ಇಲ್ಲ, ಅದಕ್ಕೇ ಇಷ್ಟು ಹೇಳಿದ್ದು.

ಕಡೆಯದಾಗಿ, ಕೊಳ್ಳುವ ತಿಂಗಳು. ನಮ್ಮ ಜಿಲ್ಲೆಯೊಳಗೆ ಯಾರಾದರೂ ಬಳಸಿದ ಲೆನ್ಸ್ ಕೊಳ್ಳುವುದಾದರೆ ಅಕ್ಟೋಬರಿನಲ್ಲಿ ನೋಡಿ. ಬೂಷ್ಟು ಬರುವುದಿದ್ದರೆ ಅಷ್ಟೊತ್ತಿಗೆ ಬಂದಿರುತ್ತದೆ, ಟಾರ್ಚಿಗೆ ಕಾಣುತ್ತದೆ. ತಮ್ಮನಿಗೂ ಹಾಗೇ ಹೇಳಿದ್ದೇನೆ. ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ, ನಿನ್ನೆ ಮತ್ತೆ ಫೋನ್ ಮಾಡಿ 105 ಎಫ್ 1.4 ಹೇಗೆ ಅಂತ ಕೇಳುತ್ತಿದ್ದ.